ಗ್ರೀನ್‌ಬ್ಯಾಕ್ ಪಕ್ಷ: ರೈತರಿಗೆ ಕಾಗದದ ಹಣವೇ ಏಕೆ ಬೇಕಾಗಿತ್ತು?

ಪ್ರಶ್ನೆ:
ಅಮೆರಿಕದಲ್ಲಿ 1874ರ ಸುಮಾರಿಗೆ ಹುಟ್ಟಿ, ಹದಿನೈದು ವರ್ಷಗಳೊಳಗೇ ಮರೆಯಾದ ಗ್ರೀನ್‌ಬ್ಯಾಕ್ ಪಕ್ಷದ ಬಗ್ಗೆ ಓದುತ್ತಿದ್ದೇನೆ. ಹೆಚ್ಚು ನೋಟು ಅಚ್ಚು ಹಾಕಿದರೆ ಹಣದ ಬೆಲೆ ಕುಸಿಯುತ್ತದೆಂದು ತಿಳಿದೂ ಅಲ್ಲಿನ ರೈತರು ಅದನ್ನೇ ಕೇಳಿದ್ದೇಕೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ:
ಹಣದ ಬೆಲೆ ಇಳಿಯಲಿ ಎಂಬುದೇ ಆ ಬೇಡಿಕೆಯ ತಿರುಳು. ಅಂತರ್ಯುದ್ಧದ ಖರ್ಚಿಗಾಗಿ ಸರ್ಕಾರ 1862ರಿಂದ ಚಿನ್ನಕ್ಕೆ ಬದಲಾಯಿಸಿಕೊಳ್ಳಲಾಗದ ನೋಟುಗಳನ್ನು ಹೊರಡಿಸಿತು. ಹಿಂಬದಿಯನ್ನು ಹಸಿರು ಶಾಯಿಯಲ್ಲಿ ಅಚ್ಚು ಹಾಕಿದ್ದರಿಂದ ಅವಕ್ಕೆ ಗ್ರೀನ್‌ಬ್ಯಾಕ್ ಎಂಬ ಹೆಸರು, ಪಕ್ಷಕ್ಕೂ ಅದೇ. ಯುದ್ಧ ಮುಗಿದ ಮೇಲೆ ಅವುಗಳನ್ನು ಹಿಂತೆಗೆದುಕೊಳ್ಳುವ ಮಾತು ಬಂತು, 1873ರ ಆರ್ಥಿಕ ಕುಸಿತವೂ ಸೇರಿತು, ಬೆಳೆಗಳ ಧಾರಣೆ ಇಳಿಯುತ್ತ ಹೋಯಿತು. ಗೋಧಿ ಬುಷೆಲ್‌ಗೆ (ಅಲ್ಲಿನ ಧಾನ್ಯದ ಅಳತೆ) ಒಂದು ಡಾಲರ್ ಇದ್ದಾಗ ಸಾವಿರ ಡಾಲರ್ ಸಾಲ ಮಾಡಿದ ರೈತನೊಬ್ಬನಿದ್ದಾನೆ ಎನ್ನೋಣ. ಅವನ ತಲೆಯ ಮೇಲಿರುವುದು ಸಾವಿರ ಬುಷೆಲ್ ಗೋಧಿಯ ಸಾಲ. ಧಾರಣೆ ಎಪ್ಪತ್ತು ಸೆಂಟಿಗೆ ಬಿದ್ದರೆ ಅದೇ ಅಸಲಿಗೆ ಸಾವಿರದ ನಾನೂರಕ್ಕೂ ಹೆಚ್ಚು ಬುಷೆಲ್ ಅಳೆಯಬೇಕು, ಬಡ್ಡಿ ಬೇರೆ. ಹೀಗಿರುವಾಗ, 1879ರ ಜನವರಿ 1ರಿಂದ ನೋಟಿಗೆ ಚಿನ್ನ ಕೊಡಲಾಗುವುದೆಂದು 1875ರ ಕಾಯ್ದೆ ಸಾರಿದಾಗ, ನೋಟು ಚಿನ್ನಕ್ಕೆ ಕಟ್ಟುಬಿದ್ದರೆ ಹಣ ಇನ್ನೂ ವಿರಳವಾಗಿ ಧಾರಣೆ ಮತ್ತಷ್ಟು ಇಳಿದೀತೆಂಬ ಭಯದಿಂದ ಅದು ಸಾಲ ಕೊಟ್ಟವರಿಗೆಂದೇ ಮಾಡಿದ ಕಾಯ್ದೆಯಾಗಿ ರೈತರಿಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಉತ್ತರ:
ಲೆಕ್ಕ ಸರಿಯಾಗಿದೆ, ಆದರೆ ಪಕ್ಷವನ್ನು ರೈತರದ್ದಷ್ಟೇ ಎನ್ನಲಾಗದು. 1876ರಲ್ಲಿ ಅದು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದು ಉದ್ಯಮಿ ಪೀಟರ್ ಕೂಪರ್ ಅವರನ್ನು, ಅದೂ ಎಂಬತ್ತೈದರ ವಯಸ್ಸಿನಲ್ಲಿ, ಶೇ. 1ರಷ್ಟು ಮತವೂ ಬರಲಿಲ್ಲ. 1877ರ ರೈಲ್ವೆ ಮುಷ್ಕರದ ನಂತರ ಕಾರ್ಮಿಕರೂ ಜೊತೆಗೂಡಿದ್ದರಿಂದಲೇ 1878ರಲ್ಲಿ ಸುಮಾರು ಹತ್ತು ಲಕ್ಷ ಮತಗಳು ದೊರೆತು, ಹನ್ನೆರಡಕ್ಕೂ ಹೆಚ್ಚು ಮಂದಿ ಪ್ರತಿನಿಧಿ ಸಭೆಗೆ ಆಯ್ಕೆಯಾದರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಅಷ್ಟು ಮತ ಪಡೆದ ಪಕ್ಷ ಮರುವರ್ಷದಿಂದಲೇ ಸೊರಗಿದ್ದು ಹೇಗೆ?

ಮತ್ತೊಂದು ಉತ್ತರ:
ಬೇಡಿಕೆ ಅರ್ಧ ಈಡೇರಿತು, ಉಳಿದರ್ಧದ ಭಯ ಸುಳ್ಳಾಯಿತು. 1878ರ ಮೇ ತಿಂಗಳ ಕಾಯ್ದೆಯಿಂದ ನೋಟುಗಳ ಹಿಂತೆಗೆತ ನಿಂತು, ಸುಮಾರು 34 ಕೋಟಿ 67 ಲಕ್ಷ ಡಾಲರ್ ಮೌಲ್ಯದ ನೋಟುಗಳು ಚಲಾವಣೆಯಲ್ಲೇ ಉಳಿದವು. ಚಿನ್ನ ಕೊಡಲು ಆರಂಭಿಸಿದ ದಿನ ನ್ಯೂಯಾರ್ಕಿನ ಖಜಾನೆಯ ಮುಂದೆ ನೂಕುನುಗ್ಗಲಾಗಬಹುದೆಂದು ಹೆದರಿದ್ದರು. ನಡೆದದ್ದು ತಿರುವುಮುರುವು, ಒಯ್ದ ಚಿನ್ನಕ್ಕಿಂತ ನೋಟಿಗಾಗಿ ತಂದು ಕೊಟ್ಟ ಚಿನ್ನವೇ ಹೆಚ್ಚಾಗಿತ್ತು. ಅದೇ ವರ್ಷ ಯುರೋಪಿನಲ್ಲಿ ಬೆಳೆ ಕೆಟ್ಟು ಅಮೆರಿಕದ ಗೋಧಿಗೆ ಗಿರಾಕಿ ಕುದುರಿತು. 1880ರಲ್ಲಿ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಜೇಮ್ಸ್ ವೀವರ್ ಅವರಿಗೆ ಶೇ. 3ರ ಆಸುಪಾಸಿನ ಮತಗಳಷ್ಟೇ ಸಿಕ್ಕವು. ಅವರೇ 1892ರಲ್ಲಿ ರೈತರ ಹೊಸ ಪಕ್ಷವಾದ ಪೀಪಲ್ಸ್ ಪಾರ್ಟಿಯಿಂದ ನಿಂತು ಶೇ. 8.5ರಷ್ಟು ಮತ ಪಡೆದರು, ಆದರೆ ಆ ಹೊತ್ತಿಗೆ ರೈತರ ಕೂಗು ಕಾಗದದ ನೋಟಿಗಿಂತ ಬೆಳ್ಳಿ ನಾಣ್ಯದ ಕಡೆಗೆ ವಾಲಿತ್ತು.