ಮಸ್ಟ್, ಶುಡ್, ಮೇ: ಮ್ಯಾನ್ಯುಯಲ್‌ನಲ್ಲಿ ಯಾವುದು ಎಲ್ಲಿ?

ಪ್ರಶ್ನೆ: ಮೇಡಂ, ನಾನು ಪಂಪ್‌ಸೆಟ್ ಕಂಪನಿಯೊಂದಕ್ಕೆ ಇಂಗ್ಲಿಷ್ ಮ್ಯಾನ್ಯುಯಲ್ ಬರೆಯುತ್ತೇನೆ. ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು ಅನ್ನೋ ಕಡೆ 'ಮಸ್ಟ್' ಹಾಕಿದ್ದೆ. ಮ್ಯಾನೇಜರ್ ಅದನ್ನು 'ಶುಡ್' ಮಾಡಿದರು. ಗಿರಾಕಿಗಳಿಗೆ ಗದರಿದ ಹಾಗೆ ಇರಬಾರದಂತೆ. ಎರಡೂ 'ಬೇಕು' ತಾನೇ?

ಉತ್ತರ: ಅಲ್ಲ. ನೀವು ಬರೆದದ್ದೇ ಸರಿ. ಕನ್ನಡದಲ್ಲಿ 'ಸ್ವಿಚ್ ಆಫ್ ಮಾಡಬೇಕು', 'ಆಗಾಗ ಸರ್ವಿಸ್ ಮಾಡಿಸಬೇಕು' ಎರಡಕ್ಕೂ ಒಂದೇ 'ಬೇಕು' ಸಾಕು. ಎಷ್ಟು ಗಟ್ಟಿ ಅನ್ನೋದು ಹೇಳುವವರ ದನಿಯಲ್ಲೇ ಗೊತ್ತಾಗುತ್ತದೆ. ಅಚ್ಚಾದ ಮ್ಯಾನ್ಯುಯಲ್‌ಗೆ ದನಿ ಎಲ್ಲಿದೆ? ಮಸ್ಟ್ ಅಂದರೆ ಬಿಡುವ ಹಾಗೇ ಇಲ್ಲ. ಶುಡ್ ಅಂದರೆ ಮಾಡುವುದು ಒಳ್ಳೆಯದು, ಸರಿಯಾದ ಕಾರಣ ಇದ್ದರೆ ಬಿಡಬಹುದು. ಕರೆಂಟ್ ವಿಷಯದಲ್ಲಿ ಆ ಸಡಿಲ ಕೊಡಲೇಬಾರದು. ಇಂಟರ್ನೆಟ್‌ನ ತಾಂತ್ರಿಕ ನಿಯಮ ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಅನ್ನೋ ದಾಖಲೆಯಲ್ಲಿ ಇದನ್ನು ಗೊತ್ತು ಮಾಡಿಕೊಂಡರು: ಮಸ್ಟ್ ಕಡ್ಡಾಯ, ಶುಡ್ ಶಿಫಾರಸು, ಮೇ ನಿಮ್ಮಿಷ್ಟ.

ಮ್ಯಾನೇಜರ್‌ಗೆ ಮಸ್ಟ್ ಒರಟು ಅನಿಸಿದರೆ ಜಗಳ ಬೇಡ. 'ಟರ್ನ್ ಆಫ್ ದ ಪವರ್ ಬಿಫೋರ್ ಯೂ ಓಪನ್ ದ ಕವರ್' ಅಂತ ನೇರವಾಗಿ ಬರೆಯಿರಿ. ಗದರಿದ ಹಾಗೂ ಇಲ್ಲ, ಸಡಿಲವೂ ಇಲ್ಲ. ಶಾಕ್ ಹೊಡೆಯುತ್ತದೆ ಅನ್ನೋ ಕಾರಣವನ್ನೂ ಪಕ್ಕದಲ್ಲೇ ಹಾಕಿ.

ಪ್ರಶ್ನೆ: ಹಾಗಾದರೆ 'ಮೇ' ಸುಲಭ ಅಲ್ವಾ ಮೇಡಂ? ಅದು 'ಬಹುದು' ಅಷ್ಟೇ.

ಉತ್ತರ: ನನಗೆ ಜಾಸ್ತಿ ಭಯ ಇರೋದೇ ಅದರ ಮೇಲೆ! ಮೇ ಅನುಮತಿಯನ್ನೂ ಹೇಳುತ್ತದೆ, ಸಾಧ್ಯತೆಯನ್ನೂ ಹೇಳುತ್ತದೆ. ನಮ್ಮ 'ಬಹುದು' ಕೂಡ ಹಾಗೇ. ಆದರೆ 'ಇಲ್ಲ' ಸೇರಿದಾಗ ನಮ್ಮಲ್ಲಿ ದಾರಿ ಬೇರೆಯಾಗುತ್ತದೆ: 'ಮುಟ್ಟಬಾರದು' ಬೇರೆ, 'ಮುಟ್ಟದೇ ಇರಬಹುದು' ಬೇರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಮೇ ನಾಟ್' ಬರುತ್ತದೆ. 'ಆಪರೇಟರ್ಸ್ ಮೇ ನಾಟ್ ವೇರ್ ಗ್ಲೌಸ್' ಅಂತ ಬರೆದರೆ ಏನು ತಿಳಿಯಬೇಕು? ಗ್ಲೌಸ್ ಹಾಕಬಾರದಾ, ಹಾಕದಿದ್ದರೂ ನಡೆಯುತ್ತಾ, ಹಾಕದೇ ಇರುವವರೂ ಇರುತ್ತಾರಾ? ತಿರುಗುವ ಯಂತ್ರದ ಹತ್ತಿರ ಈ ಗೊಂದಲಕ್ಕೆ ಕೈಯೇ ಹೋಗಬಹುದು. ನಿಷೇಧಕ್ಕೆ 'ಮಸ್ಟ್ ನಾಟ್', ಸಾಧ್ಯತೆಗೆ 'ಮೈಟ್ ನಾಟ್', ಕಡ್ಡಾಯ ಅಲ್ಲ ಅನ್ನೋದಕ್ಕೆ 'ನೀಡ್ ನಾಟ್' ಹಾಕಿ.

ಪ್ರಶ್ನೆ: ಟೆಂಡರ್ ಕಾಗದದಲ್ಲಿ ಎಲ್ಲಾ ಕಡೆ 'ಶಲ್' ಇದೆ. ನಾನೂ ಅದನ್ನೇ ಬಳಸಲಾ?

ಉತ್ತರ: ಟೆಂಡರ್‌ಗೆ ಉತ್ತರ ಬರೆಯುವಾಗ ಅವರ ಪದವನ್ನೇ ಇಟ್ಟುಕೊಳ್ಳಿ. ಐಎಸ್‌ಒ ಮಾನದಂಡಗಳಲ್ಲೂ ಕಡ್ಡಾಯಕ್ಕೆ ಶಲ್ ಬಳಸುತ್ತಾರೆ. ತೋಟದಲ್ಲಿ ನಿಂತು ಓದುವವರ ಮ್ಯಾನ್ಯುಯಲ್‌ಗೆ ಅದು ಬೇಡ, ಮಸ್ಟ್ ಸಾಕು.