ಕಾನ್ವೊಕೇಶನ್‌ಗೆ ಕಾಯಬೇಡಿ, ಲೆಟರ್ ಬಂದ ದಿನವೇ ಲೆಕ್ಕ ಶುರು

ಕೆನಡಾದಲ್ಲಿ ಓದು ಮುಗಿಸುತ್ತಿರುವ ನಿಮ್ಮ ತಮ್ಮ, ಓದಿನ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ವರ್ಕ್ ಪರ್ಮಿಟ್‌ಗೆ ಯಾವಾಗ ಅರ್ಜಿ ಹಾಕಬೇಕು ಅಂತ ಕೇಳಿದ್ದೀರಲ್ಲ, ಹೋದ ವರ್ಷ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಅಕ್ಕನ ಮಗ ಬ್ರಾಂಪ್ಟನ್‌ನಲ್ಲಿ ನಮ್ಮ ಬೇಸ್‌ಮೆಂಟ್‌ನಲ್ಲಿದ್ದುಕೊಂಡು ಎರಡು ವರ್ಷದ ಮಾಸ್ಟರ್ಸ್ ಮುಗಿಸಿದ. ಏಪ್ರಿಲ್ ಕೊನೆಗೆ ಕೋರ್ಸ್ ಮುಗಿದ ಲೆಟರ್ ಬಂತು. ಕಾನ್ವೊಕೇಶನ್ ಜೂನ್‌ನಲ್ಲಿ, ಅದಕ್ಕೆ ಹಾಸನದಿಂದ ಅಕ್ಕ ಭಾವ ಬರುವವರಿದ್ದರು. "ಡಿಗ್ರಿ ಕೈಗೆ ಬರಲಿ ಚಿಕ್ಕಮ್ಮ, ಆಮೇಲೆ ಅರ್ಜಿ ಹಾಕಿದರಾಯ್ತು" ಅಂದ. ನನಗೂ ಗೊತ್ತಿರಲಿಲ್ಲ, ಸುಮ್ಮನಾದೆ.

ಅರ್ಜಿ ಹಾಕಲು 180 ದಿನ ಸಮಯ ಇದೆ, ನಿಜ. ಆದರೆ ಅದನ್ನು ಎಣಿಸುವುದು ಲೆಟರ್ ಅಥವಾ ಕೊನೆಯ ಮಾರ್ಕ್ಸ್ ಬಂದ ದಿನದಿಂದ. ಸ್ಟಡಿ ಪರ್ಮಿಟ್ ಅಷ್ಟು ದಿನ ಇರುವುದೂ ಇಲ್ಲ. ಕೋರ್ಸ್ ಮುಗಿದು 90 ದಿನ, ಇಲ್ಲಾ ಪರ್ಮಿಟ್ ಮೇಲಿರುವ ತಾರೀಕು, ಯಾವುದು ಮೊದಲು ಬರುತ್ತೋ ಅಲ್ಲಿಗೆ ಮುಗಿಯಿತು. ಅಷ್ಟರೊಳಗೆ ಅರ್ಜಿ ಹಾಕಿದರೆ, ಉತ್ತರ ಬರುವ ಮೊದಲೇ ಫುಲ್ ಟೈಮ್ ಕೆಲಸ ಮಾಡಬಹುದು. ಅರ್ಜಿ ಹಾಕದೆ ಮಾಡುವ ಹಾಗಿಲ್ಲ.

ಮೇ ತಿಂಗಳಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅವತ್ತೇ ರಾತ್ರಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬಲು ಕೂತ. 2024ರ ನವೆಂಬರ್ 1ರಿಂದ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶವನ್ನೂ ಕೊಡಬೇಕು. ಅಡ್ಮಿಶನ್‌ಗೆ ಬರೆದ ಐಇಎಲ್‌ಟಿಎಸ್ ಇದೆಯಲ್ಲ ಅಂದುಕೊಂಡಿದ್ದ. ಅದು ಅಕಾಡೆಮಿಕ್, ಇಲ್ಲಿ ನಡೆಯಲ್ಲ. ಐಇಎಲ್‌ಟಿಎಸ್ ಜನರಲ್, ಸೆಲ್ಪಿಪ್ ಜನರಲ್, ಪಿಟಿಇ ಕೋರ್, ಇವುಗಳಲ್ಲಿ ಒಂದು ಆಗಬೇಕು. ಫಲಿತಾಂಶ ಬಂದು ಎರಡು ವರ್ಷ ದಾಟಿರಬಾರದು. ಅದನ್ನು ಓದಿದವನು ಹಾಗೇ ಕೂತುಬಿಟ್ಟ. ಅನ್ನ ಸಾರು ಕಲಸಿದ ಕೈ ಒಣಗಿಹೋಗಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು, ಏಪ್ರಿಲ್‌ನಲ್ಲೇ ಕೂತು ನೋಡಿದ್ದರೆ ಆಗ್ತಿತ್ತಲ್ವಾ ಅಂತ. ಟೊರಾಂಟೊಗೆ ಹೋಗಿ ಸೆಲ್ಪಿಪ್ ಬರೆದು, ಅರ್ಜಿ ಹಾಕುವ ಹೊತ್ತಿಗೆ ಮೂರು ವಾರ ಹೋಯಿತು. ಕೆಲಸ ಕೊಟ್ಟವರು ಕಾದರು, ಪುಣ್ಯ.

ಯೂನಿವರ್ಸಿಟಿ ಡಿಗ್ರಿಯವರಿಗೆ ಸಿಎಲ್‌ಬಿ 7 ಬೇಕು, ಸಿಎಲ್‌ಬಿ ಅಂದರೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯುವ ಕೆನಡಾದ ಮಟ್ಟ. ಐಇಎಲ್‌ಟಿಎಸ್ ಜನರಲ್ ಲೆಕ್ಕದಲ್ಲಿ ಓದು, ಬರಹ, ಕೇಳುವುದು, ಮಾತು, ನಾಲ್ಕರಲ್ಲೂ 6. ಕಾಲೇಜ್ ಡಿಪ್ಲೊಮಾ ಆದರೆ ಸಿಎಲ್‌ಬಿ 5 ಸಾಕು. ಆದರೆ ಸ್ಟಡಿ ಪರ್ಮಿಟ್‌ಗೆ ಆ ನವೆಂಬರ್ 1ರಿಂದ ಈಚೆಗೆ ಅರ್ಜಿ ಹಾಕಿದವರ ಡಿಪ್ಲೊಮಾ ಯಾವ ವಿಷಯದಲ್ಲಿ ಅನ್ನುವುದನ್ನೂ ನೋಡುತ್ತಾರೆ.

ಇನ್ನೊಂದು ಪೆಟ್ಟು ಪಾಸ್‌ಪೋರ್ಟ್‌ದು. ಮೂರು ವರ್ಷ ಸಿಗಬೇಕಿದ್ದ ವರ್ಕ್ ಪರ್ಮಿಟ್ ಸಿಕ್ಕಿದ್ದು ಹದಿನಾಲ್ಕು ತಿಂಗಳಿಗೆ. ಪಿಯುಸಿಯಲ್ಲಿದ್ದಾಗ ಮಾಡಿಸಿದ ಪಾಸ್‌ಪೋರ್ಟ್, ಅದರ ಅವಧಿ ಅಲ್ಲಿಗೇ ಮುಗಿಯುತ್ತಿತ್ತು. ಈ ಪರ್ಮಿಟ್ ಜೀವನದಲ್ಲಿ ಒಂದೇ ಸಲ ಸಿಗುವುದು. ಹೊಸ ಪಾಸ್‌ಪೋರ್ಟ್ ಮಾಡಿಸಿ ಮಿಕ್ಕ ಅವಧಿ ಕೇಳಬಹುದು, ಆದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಕೆಲಸ ಮಾಡಲು ಬೇಕಾದ, 9ರಿಂದ ಶುರುವಾಗುವ ಸಿನ್ (ಸೋಷಿಯಲ್ ಇನ್ಶೂರೆನ್ಸ್) ನಂಬರ್ ಇರುತ್ತಲ್ಲ, ಅದರ ಅವಧಿಯನ್ನೂ ಪರ್ಮಿಟ್ ಜೊತೆಗೇ ಮುಂದೂಡಿಸಿಕೊಳ್ಳಬೇಕು.

ನಿಮ್ಮ ತಮ್ಮನ ಪಾಸ್‌ಪೋರ್ಟ್ ಯಾವ ವರ್ಷದ್ದು? ಇವತ್ತೇ ಫೋನ್ ಮಾಡಿ ತೆಗೆಸಿ ನೋಡಿ.