ಬಂದೂಕಿನ ಡಾಕ್ಯುಮೆಂಟರಿ ತೋರಿಸುವ ಮೊದಲು ಎಂತೆಲ್ಲ ನೋಡಿಕೊಳ್ಳಬೇಕು?

ಕೇಳಿದ್ದು, ಉಡುಪಿಯ ಉಪನ್ಯಾಸಕಿ: ಪತ್ರಿಕೋದ್ಯಮದ ಮಕ್ಕಳಿಗೆ ಅಮೆರಿಕದ ಬಂದೂಕು ಉದ್ಯಮದ ಬಗ್ಗೆ ಎರಡು ಡಾಕ್ಯುಮೆಂಟರಿ ತೋರಿಸುವುದುಂಟು. ಒಂದು ನಿಯಂತ್ರಣದ ಪರ, ಇನ್ನೊಂದು ಬಂದೂಕಿನ ಪರ. ಪಕ್ಷಪಾತ ಹಿಡಿಯುವುದು ಹೇಗೆ? ತಿಳಿದವರು ಹೇಳಿ.

ಸಂಕಲನಕಾರರು, ಮಂಗಳೂರು: ಮೇಡಂ, ಮೊದಲ ಸಲ ಸೌಂಡ್ ಬಂದ್ ಮಾಡಿ ಪೂರ್ತಿ ನೋಡಿ. ಒಬ್ಬನೇ ಭಾಷಣಕಾರನ ಅಂಗಿ, ಟೈ ನಡುವೆ ಬದಲಾದರೆ ಆ ನಿಮಿಷ ಬರೆದಿಡಿ. 'ಬೌಲಿಂಗ್ ಫಾರ್ ಕೊಲಂಬೈನ್' (2002) ಚಿತ್ರದಲ್ಲಿ ಇದು ಸಿಗ್ತದೆ. ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ಆದದ್ದು 1999ರ ಏಪ್ರಿಲ್ 20ಕ್ಕೆ. ಬಂದೂಕು ಮಾಲೀಕರ ದೊಡ್ಡ ಸಂಘವಾದ ಎನ್‌ಆರ್‌ಎಯ ಆಗಿನ ಅಧ್ಯಕ್ಷ, ನಟ ಚಾರ್ಲ್‌ಟನ್ ಹೆಸ್ಟನ್ ಹತ್ತಿರದ ಡೆನ್ವರ್‌ನಲ್ಲಿ ಮಾತಾಡಿದ್ದು ಮೇ 1ಕ್ಕೆ. ಆದರೆ ಚಿತ್ರದಲ್ಲಿ ಅದಕ್ಕೆ ತಾಗಿಕೊಂಡೇ ಬರುವ, ಕೋವಿ ಎತ್ತಿ ಹಿಡಿದು ಗುಡುಗುವ ತುಣುಕು ಮರುವರ್ಷ ಬೇರೆ ಊರಾದ ಷಾರ್ಲೆಟ್‌ನಲ್ಲಿ ತೆಗೆದದ್ದು. ನೋಡಿದವರಿಗೆ ಸೂತಕದ ಊರಿಗೇ ಹೋಗಿ ಸವಾಲು ಹಾಕಿದ ಹಾಗೆ ಕಾಣ್ತದೆ.

ಎರಡನೇ ಸಲ ಇಯರ್‌ಫೋನ್ ಹಾಕಿ. ಯಾರೂ ಮಾತಾಡದಾಗಲೂ ಕೋಣೆಗೆ ಅದರದ್ದೇ ಒಂದು ಶಬ್ದ ಇರ್ತದೆ, ಏಸಿಯದ್ದೋ ಫ್ಯಾನಿನದ್ದೋ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅದು ತಟ್ಟನೆ ಬದಲಾದರೆ ಕತ್ತರಿ ಬಿದ್ದಿದೆ ಅಂತ ಅನುಮಾನಿಸಿ. 'ಅಂಡರ್ ದ ಗನ್' (2016) ಚಿತ್ರದಲ್ಲಿ ಟಿವಿ ಪತ್ರಕರ್ತೆ ಕೇಟಿ ಕೌರಿಕ್ ವರ್ಜೀನಿಯಾದ ಬಂದೂಕು ಮಾಲೀಕರನ್ನು ಕೇಳ್ತಾರೆ: ಕೊಳ್ಳುವವರ ಪೂರ್ವಾಪರ ವಿಚಾರಿಸದಿದ್ದರೆ ಅಪರಾಧಿಗಳನ್ನು ತಡೆಯುವುದು ಹೇಗೆ? ತೆರೆಯಲ್ಲಿ ಸುಮಾರು 8 ಸೆಕೆಂಡು ಎಲ್ಲರೂ ಪಿಟ್ಟೆನ್ನದೆ ಕೂತಿರ್ತಾರೆ. ಆ ಮಾಲೀಕರ ಸಂಘದವರು ತಾವೇ ಮಾಡಿಟ್ಟುಕೊಂಡಿದ್ದ ಆಡಿಯೊದಲ್ಲಿ ಉತ್ತರ ಕೂಡಲೇ ಬಂದಿತ್ತು! ಕೌರಿಕ್ ಆಮೇಲೆ ಕ್ಷಮೆ ಕೇಳಿದರು. ಮಾನನಷ್ಟದ ದಾವೆ ಮಾತ್ರ ಕೋರ್ಟಿನಲ್ಲಿ ನಿಲ್ಲಲಿಲ್ಲ, ಅದನ್ನೂ ಮಕ್ಕಳಿಗೆ ಹೇಳಿ.

ಅಂಕಿಅಂಶ ಕಲಿಸುವವರು, ಕುಂದಾಪುರ: ಸಾವಿನ ಲೆಕ್ಕ ಬಂದ ಕೂಡಲೇ ಚಿತ್ರ ನಿಲ್ಲಿಸಿ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಆತ್ಮಹತ್ಯೆ 26,328, ಕೊಲೆ 20,958. ಒಟ್ಟು ಸಂಖ್ಯೆ ಓದುತ್ತಾ ದರೋಡೆಯ ದೃಶ್ಯ ತೋರಿಸಿದರೆ ಮೋಸ. ಆತ್ಮಹತ್ಯೆಯನ್ನು ಲೆಕ್ಕದಿಂದಲೇ ಕೈಬಿಡುವುದು ಇನ್ನೂ ದೊಡ್ಡ ಮೋಸ, ಕಪಾಟಿನಲ್ಲಿ ಬಂದೂಕು ಇದ್ದ ಮನೆಯಲ್ಲಿ ಆ ಅಪಾಯ ಹೆಚ್ಚು.

ಬಂದೂಕಿನ ಪರದವರು ಹೇಳುವುದು 25 ಲಕ್ಷ, ವರ್ಷಕ್ಕೆ ಅಷ್ಟು ಸಲ ಆತ್ಮರಕ್ಷಣೆಗೆ ಬಂದೂಕು ಬಳಸ್ತಾರಂತ. ಅದು 1995ರಲ್ಲಿ ಪ್ರಕಟವಾದ, ಸುಮಾರು 5,000 ಜನರ ಫೋನ್ ಸಮೀಕ್ಷೆಯನ್ನು ಇಡೀ ದೇಶಕ್ಕೆ ಹಿಗ್ಗಿಸಿದ್ದು. ಹತ್ತು ಜನ ತಪ್ಪು ಹೇಳಿದರೂ ಲಕ್ಷಗಟ್ಟಲೆ ಏರುಪೇರು. ಸರ್ಕಾರಿ ಸಮೀಕ್ಷೆಯ ಅಂಕಿ ಇದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಅದು ಅಪರಾಧಕ್ಕೆ ತುತ್ತಾದೆ ಎಂದವರನ್ನಷ್ಟೇ ಕೇಳ್ತದೆ.

ಕೋವಿಯ ವಿಷಯ ಬಲ್ಲವರು, ಕಾರ್ಕಳ: ಕನ್ನಡ ಸಬ್‌ಟೈಟಲ್ ಹಾಕುವುದಾದರೆ ಜಾಗ್ರತೆ ಮಾರಾಯ್ರೆ. ಸೆಮಿ ಆಟೊಮ್ಯಾಟಿಕ್ ಎಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಈಡು, ಮುಂದಿನ ತೋಟೆ ತಾನಾಗಿ ಬಂದು ಕೂರ್ತದೆ. ಒತ್ತಿ ಹಿಡಿದಷ್ಟು ಹೊತ್ತು ಹಾರುವುದು ಮೆಷಿನ್ ಗನ್. ಹೊಸ ಮೆಷಿನ್ ಗನ್ ಜನರಿಗೆ ಮಾರುವುದು ಅಲ್ಲಿ 1986ರಲ್ಲೇ ನಿಂತಿದೆ. ಎಆರ್-15 ಎಂಬ ಸೆಮಿ ಆಟೊಮ್ಯಾಟಿಕ್ ಕೋವಿ ತೋರಿಸಿ ತಡತಡ ಶಬ್ದ ಕೂಡಿಸಿದ್ದರೆ ಗುರುತು ಹಾಕಿ. ಎಆರ್ ಎಂಬುದು ಆರ್ಮಲೈಟ್ ಕಂಪನಿಯಿಂದ ಬಂದ ಹೆಸರು, 'ಅಸಾಲ್ಟ್ ರೈಫಲ್' ಅಂತ ಬರೆಯಬೇಡಿ. 'ಮಾಡರ್ನ್ ಸ್ಪೋರ್ಟಿಂಗ್ ರೈಫಲ್' ಅನ್ನುವುದು ಇಂಥ ಕೋವಿಗೆ ಉದ್ಯಮದವರು ಇಟ್ಟ ಹೆಸರು, ಅದನ್ನೂ ಸಬ್‌ಟೈಟಲಿಗೆ ತರಬೇಡಿ.

ಎನ್‌ಆರ್‌ಎ ಬಂದೂಕು ಇಟ್ಟುಕೊಂಡವರ ಸಂಘ. ತಯಾರಕರ, ಮಾರುವವರ ಸಂಘ ಎನ್‌ಎಸ್‌ಎಸ್‌ಎಫ್. ಉದ್ಯಮದ ಮೇಲಿನ ಚಿತ್ರದಲ್ಲಿ ಇದರ ಸುದ್ದಿಯೇ ಇಲ್ಲದಿದ್ದರೆ ಹುಡುಕಾಟ ಸಾಲದು.

ನಮ್ಮ ಮಕ್ಕಳಿಗೆ ಕೋವಿ ಎಂದರೆ ತೋಟಕ್ಕೆ ನುಗ್ಗುವ ಹಂದಿ ಓಡಿಸುವ ಒಂಟಿ ನಳಿಗೆಯದ್ದು, ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ. ಇಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲದೆ ಕೋವಿ ಇಲ್ಲ, 2019ರ ತಿದ್ದುಪಡಿ ಮೇಲೆ ಒಬ್ಬರಿಗೆ ಎರಡೇ. ಅಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ಲೈಸೆನ್ಸೇ ಇಲ್ಲ. ಚಿತ್ರ ಹಾಕುವ ಮೊದಲೇ ಇದನ್ನು ಬೋರ್ಡಿನಲ್ಲಿ ಬರೆಯಿರಿ.

ಉಪನ್ಯಾಸಕಿ: ಎರಡನ್ನೂ ಒಂದೇ ದಿನ ತೋರಿಸಬಹುದಾ?

ಸಂಕಲನಕಾರರು: ಬೇಡ ಮೇಡಂ. ಕೊನೆಗೆ ನೋಡಿದ್ದೇ ಮೊದಲಿನದ್ದಕ್ಕೆ ಉತ್ತರ ಅಂತ ಅನಿಸ್ತದೆ. ಒಂದು ವಾರ ಬಿಡಿ. ಕ್ಲಾಸನ್ನು ಎರಡು ಮಾಡಿ, ಅರ್ಧ ಮಕ್ಕಳಿಗೆ ತಿರುಗುಮುರುಗಾಗಿ ತೋರಿಸಿ.